“ಯಾವೂರಮ್ಮ ನಿಮ್ದು?” ಅಂತ ಕೇಳಿದರೆ ಏನು ಹೇಳಲಿ?

ಮಳೆಸೀಮೆ, ಮುಳಬಾಗಿಲು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಪುರುಸೊತ್ತು ಇದ್ದಾಗ ಓದಿ.

ನಾನು ಹುಟ್ಟಿದ್ದು ಸಾಗರದ ಕಡೆ, ಅಡಿಕೆ ತೋಟದ ಮನೆಯಲ್ಲಿ. ಗಂಡನ ಊರು ಮುಳಬಾಗಿಲು ತಾಲ್ಲೂಕಿನ ಒಂದು ಚಿಕ್ಕ ಹಳ್ಳಿ. ಹಿತ್ತಲಲ್ಲಿ ನಿಂತರೆ ಆವಣಿ ಬೆಟ್ಟ ಕಾಣುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಇಲ್ಲಿಗೆ ಬಂದೆವು. ನಾಲ್ಕು ಜೊತೆ ಬಟ್ಟೆ ತಂದಿದ್ದೆ, ಅಷ್ಟೇ. ಆಮೇಲೆ ಮಾವ ತೀರಿಕೊಂಡರು. ಅತ್ತೆ ಒಬ್ಬರೇ ಆದರು. ಮೂರು ಹಸು, ಎರಡೂವರೆ ಎಕರೆ ಹೊಲ. ವಾಪಸ್ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಹಾಗೇ ಉಳಿದುಬಿಟ್ಟೆವು.

ಮೊದಲ ವರ್ಷ ನನಗೆ ಇಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಬಂಡೆ, ನೀಲಗಿರಿ, ಜಾಲಿ ಮುಳ್ಳು, ಒಣಗಿದ ಕೆರೆ. ನಮ್ಮ ಕಡೆ ಮರಗಳ ನಡುವೆ ಆಕಾಶ ತುಂಡು ತುಂಡಾಗಿ ಸಿಗುತ್ತದೆ. ಇಲ್ಲಿ ಎಲ್ಲಿ ನೋಡಿದರೂ ಆಕಾಶ. ತಲೆ ಮೇಲೆ ಸೂರೇ ಇಲ್ಲವೇನೋ ಅನ್ನಿಸುತ್ತಿತ್ತು. ಜುಲೈ ತಿಂಗಳಲ್ಲಿ ಅಮ್ಮ ಫೋನ್ ಮಾಡಿ “ಅಲ್ಲಿ ಮಳೆ ಹೇಗಿದೆ” ಅಂದರೆ ಗಂಟಲು ಕಟ್ಟುತ್ತಿತ್ತು.

ಈಗ ಹಾಗಿಲ್ಲ. ಡಿಸೆಂಬರ್ ಬೆಳಿಗ್ಗೆ ಮಂಜಿನ ಜೊತೆ ಅವರೆ ಸೊಗಡು ಬರುತ್ತದಲ್ಲ, ಅದಕ್ಕೆ ಕಾಯುತ್ತೇನೆ. ಸಂಜೆ ಬಂಡೆ ಮೇಲೆ ಕೂತರೆ ಹಗಲಿನ ಬಿಸಿ ಇನ್ನೂ ಇರುತ್ತದೆ, ಸೊಂಟ ನೋವಿಗೆ ಹಿತ. ರಾಗಿ ತೆನೆ ಬಲಿಯುವಾಗ ಹೊಲದ ಬಣ್ಣ ದಿನಕ್ಕೊಂದು ಥರ ಇರುತ್ತದೆ, ಅದನ್ನು ನೋಡಲು ಸುಮ್ನೆ ಹೋಗಿ ನಿಲ್ಲುತ್ತೇನೆ. ಈ ಜಾಗ ಇಷ್ಟ ಆಗಿದೆ. ಆದರೆ ಇಷ್ಟ ಆಗುವುದು ಬೇರೆ, ನನ್ನದು ಅನ್ನಿಸುವುದು ಬೇರೆ, ಅಲ್ವಾ?

ಊರಿನವರು ಒಳ್ಳೆಯವರು. ಡೇರಿ ಸಾಲಿನಲ್ಲಿ ಜಾಗ ಬಿಡುತ್ತಾರೆ. ಬಂದ ಮೊದಲ ಊರಹಬ್ಬಕ್ಕೇ ನನ್ನ ತಲೆ ಮೇಲೆ ತಂಬಿಟ್ಟಿನ ದೀಪ ಹೊರಿಸಿ ಗುಡಿಗೆ ಕರೆದುಕೊಂಡು ಹೋದರು. ಆದರೂ ಏನೇ ಮಾತು ಬಂದರೂ “ಅವರು ಶಿವಮೊಗ್ಗ ಕಡೆಯವರು” ಅಂತ ಸೇರಿಸುತ್ತಾರೆ. ಆವಣಿಯಲ್ಲಿ ಲವಕುಶರು ಹುಟ್ಟಿದರು ಅಂತ ಇಲ್ಲಿಯ ನಂಬಿಕೆ. ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ. “ಸೀತಮ್ಮನೂ ಹೊರಗಿಂದ ಬಂದವಳೇ ಕಣೆ” ಅಂತ ಅತ್ತೆ ಒಂದು ದಿನ ಸಮಾಧಾನ ಹೇಳಿದರು. ಪ್ರೀತಿಯಿಂದ ಹೇಳಿದ್ದು. ಆದರೆ ನನಗೆ ಅದರಲ್ಲಿ “ಹೊರಗಿಂದ” ಅನ್ನುವುದು ಮಾತ್ರ ಕೇಳಿಸಿತು.

ಹೋದ ತಿಂಗಳು ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಅಜ್ಜಿ “ಯಾವೂರಮ್ಮ ನಿಮ್ದು?” ಅಂತ ಕೇಳಿದರು. ಬಾಯಿ ಕಟ್ಟಿಹೋಯಿತು. ಸಾಗರ ಅನ್ನಲೇ? ಆ ತೋಟ ಈಗ ಅಣ್ಣಂದಿರದು, ನಾನು ಅಲ್ಲಿ ನೆಂಟಳು. ಈ ಊರಿನ ಹೆಸರು ಹೇಳಲೇ? ಬೇರೆಯವರ ವಸ್ತು ತೆಗೆದುಕೊಂಡ ಹಾಗೆ ಆಯಿತು.

ಹೊರಗಿಂದ ಬಂದವರು, ಬಿಟ್ಟು ಹೋಗಿ ವಾಪಸ್ ಬಂದವರು, ಇಲ್ಲೇ ಹುಟ್ಟಿದವರು, ಎಲ್ಲರನ್ನೂ ಕೇಳುತ್ತಿದ್ದೇನೆ. ಈ ನೆಲ ನಿಮ್ಮದು ಅಂತ ನಿಮಗೆ ಯಾವಾಗ ಅನ್ನಿಸಿತು? ಆ ದಿನ ಏನು ನಡೆಯಿತು? “ಕಾಲ ಎಲ್ಲ ಸರಿಮಾಡುತ್ತದೆ” ಅನ್ನುವುದು ಬೇಡ. ಐದು ವರ್ಷದಿಂದ ಅದನ್ನೇ ಕೇಳಿದ್ದೇನೆ.

ರೇಷ್ಮೆಗೂಡು, ಶಿಡ್ಲಘಟ್ಟ

ನಾನು ಬಿಟ್ಟು ಹೋಗಿ ವಾಪಸ್ ಬಂದವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ 11 ವರ್ಷ ಇದ್ದೆ. ಬಂದ ಮೇಲೆ ಅಪ್ಪನ ಹಿಪ್ಪುನೇರಳೆ ತೋಟ, ಹುಳು ಮನೆ ಹಿಡಿದೆ. ಮೊದಲ ಎರಡು ಬೆಳೆ ಕೂಲಿಯವನ ಹಾಗೆ ಮಾಡಿದೆ. ಮೂರನೆಯದರಲ್ಲಿ ಹುಳು ನಾಲ್ಕನೇ ಜ್ವರದಲ್ಲಿದ್ದಾಗ ಅಪ್ಪನಿಗೆ ಆಸ್ಪತ್ರೆ ಸೇರುವ ಹಾಗಾಯಿತು. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು ಅಲ್ಲಾಡದೆ ಮಲಗುತ್ತದೆ. ನಾಲ್ಕು ಸಲ ಹೀಗೆ. ನಾಲ್ಕನೆಯದರಿಂದ ಎದ್ದ ಮೇಲೆ ಹಸಿವು ಅಂದರೆ ಹಸಿವು. ಹಗಲು ರಾತ್ರಿ ಸೊಪ್ಪು ಕೊಡುತ್ತಲೇ ಇರಬೇಕು. ಒಬ್ಬನೇ ಮಾಡಿದೆ. ರಾತ್ರಿ ಎರಡು ಗಂಟೆಗೆ ತೋಟಕ್ಕೆ ಹೋಗುವಾಗ ಯಾವ ಸಾಲಿನಲ್ಲಿ ಕಲ್ಲಿದೆ, ಎಲ್ಲಿ ಕಾಲು ಜಾರುತ್ತದೆ ಅಂತ ಕಾಲಿಗೇ ಗೊತ್ತಾಗಿಬಿಟ್ಟಿತ್ತು. ಅವತ್ತು ಅನ್ನಿಸಿತು.

ಇನ್ನೊಂದು ಮಾತು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇರುತ್ತದೆ. ನೀವು ಮಳೆ ಕಡೆಯವರು. ಒಮ್ಮೆ ಮನೆಯವರ ಜೊತೆ ಬನ್ನಿ, ಕೇಳಿಸುತ್ತೇನೆ.

ಮಾವಿನತೋಪು, ಶ್ರೀನಿವಾಸಪುರ

ಅಕ್ಕಾ, ಒಂದು ಪ್ರಶ್ನೆ. ನಿಮ್ಮ ಎರಡೂವರೆ ಎಕರೆಗೆ ಹೆಸರೇನು? ಸರ್ವೆ ನಂಬರ್ ಬೇಡ. ನಿಮ್ಮ ಅತ್ತೆ ಅದನ್ನು ಏನಂತ ಕರೆಯುತ್ತಾರೆ?

ನಮ್ಮ ಮನೆಯಲ್ಲಿ ಒಂದು ಹೊಲ “ಬೇವಿನಮರದ್ದು”. ಆ ಬೇವಿನಮರ ನಾನು ಹುಟ್ಟುವ ಮೊದಲೇ ಬಿದ್ದಿದೆ. ಇನ್ನೊಂದು “ಪೆದ್ದಚೇನು”. ಚೇನು ಅಂದರೆ ತೆಲುಗಿನಲ್ಲಿ ಹೊಲ. ನಮ್ಮ ಕಡೆ ಅರ್ಧ ಹೆಸರು ಕನ್ನಡ, ಅರ್ಧ ತೆಲುಗು. ಬೆಟ್ಟಕ್ಕೆ ಗುಟ್ಟ ಅನ್ನುವವರೂ ಇದ್ದಾರೆ, ಕೆರೆಗೆ ಚೆರುವು ಅನ್ನುವವರೂ ಇದ್ದಾರೆ. ಎರಡೂ ಕಿವಿಗೆ ಬೀಳಬೇಕು. ಮಳೆಗೂ ಹಾಗೇ. ಭರಣಿ ಮಳೆ ಧರಣಿ ಬೆಳೆ ಅಂತಾರೆ. ನಿಮ್ಮಲ್ಲಿ ಮಳೆ ತಿಂಗಳುಗಟ್ಟಲೆ ಒಂದೇ ಸಮ ಸುರಿಯುತ್ತದೆ. ಇಲ್ಲಿ ಪ್ರತಿ ಮಳೆಯನ್ನೂ ಹೆಸರು ಹಿಡಿದು ಕರೆದು ಕಾಯಬೇಕು. ಮಘೆ ಬಂತಾ, ಹುಬ್ಬೆ ಕೈಕೊಟ್ಟಿತಾ, ಹಸ್ತ ಚಿತ್ತೆ ಏನು ಮಾಡುತ್ತವೋ. ನಮ್ಮಜ್ಜಿ ಮಳೆಗಳ ಬಗ್ಗೆ ಮಾತಾಡುವುದು ಕೇಳಿದರೆ ನೆಂಟರ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ.

ಹೆಸರು ಕಲಿಯಿರಿ. ನನಗೆ ಗೊತ್ತಿರುವ ದಾರಿ ಅದೊಂದೇ.

ಚಿತ್ರಾವತಿ ದಂಡೆ, ಬಾಗೇಪಲ್ಲಿ

ಮಾವಿನತೋಪು ಅವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಮನೆ ಮಾತು ತೆಲುಗು, ಓದಿದ್ದು ಬರೆದಿದ್ದು ಕನ್ನಡ. ಬೆಂಗಳೂರಿನ ಹಾಸ್ಟೆಲ್‌ನಲ್ಲಿ “ನೀನು ಆಂಧ್ರದವನಾ” ಅನ್ನುತ್ತಿದ್ದರು. ಹಿಂದೂಪುರದಲ್ಲಿ ನೆಂಟರ ಮನೆಗೆ ಹೋದರೆ “ಕನ್ನಡದವರು ಬಂದರು” ಅನ್ನುತ್ತಿದ್ದರು. ಬೇಜಾರಾಗುತ್ತಿತ್ತು. ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಅವರ ಮಠದಲ್ಲಿ ಕೂತು ಭಜನೆ ಕೇಳಿದಾಗ ಮೊದಲ ಸಲ ನನ್ನ ನಾಲಿಗೆ ಬಗ್ಗೆ ನಾಚಿಕೆ ಹೋಯಿತು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆ ಆಯಿತು. ನಮ್ಮಮ್ಮ ಇವತ್ತಿಗೂ ಕೋಲಾರ ಜಿಲ್ಲೆ ಅಂತಲೇ ಹೇಳುತ್ತಾರೆ.

ತೂಬಿನ ಮೊಮ್ಮಗ, ಬಂಗಾರಪೇಟೆ ತಾಲ್ಲೂಕು

ಈ ಚರ್ಚೆಯನ್ನು ಮೂರು ಸಲ ಓದಿದೆ. ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಬರೆಯುತ್ತೇನೆ. ಯಾರಿಗೂ ನೋವು ಮಾಡಬೇಕು ಅಂತಲ್ಲ.

ನಮ್ಮ ತಾತ ಊರಿನ ನೀರಗಂಟಿ. ಹಾಗಂದರೆ ಈಗಿನ ಹುಡುಗರಿಗೆ ಗೊತ್ತಿರುವುದಿಲ್ಲ, ಹೇಳುತ್ತೇನೆ. ಕೆರೆ ಒಳಗೆ, ಏರಿಗೆ ಹತ್ತಿರದಲ್ಲಿ ಎರಡು ಎತ್ತರದ ಕಲ್ಲು ಕಂಬ ನಿಂತಿರುತ್ತವಲ್ಲ, ಅಡ್ಡ ಚಪ್ಪಡಿ ಹಾಕಿರುತ್ತಾರಲ್ಲ, ಅದು ತೂಬು. ಕೆಳಗೆ ಕಲ್ಲಿನ ತೂತಿಗೆ ಬಿರಡೆ. ಬಿರಡೆ ಎತ್ತಿದರೆ ನೀರು ಏರಿ ಕೆಳಗಿಂದ ಕಾಲುವೆಗೆ ಹೋಗುತ್ತದೆ. ಕೆರೆ ತುಂಬಿದಾಗ ಈಜಿಕೊಂಡು ಹೋಗಿ ಎತ್ತಬೇಕು. ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾರ ಗದ್ದೆಗೆ ಮೊದಲು, ಯಾರದಕ್ಕೆ ಆಮೇಲೆ, ಎಲ್ಲ ತಾತನ ಲೆಕ್ಕ. ನೀರು ಕಡಿಮೆ ಇದ್ದ ವರ್ಷ ಇಡೀ ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಗದ್ದೆಯೆಲ್ಲ, ನಾಟಿ ಮಾಡುವ ಹಾಗಿಲ್ಲ. ಇಷ್ಟಿಷ್ಟೇ ಅಂತ ಭಾಗ ಹಾಕಿ ಎಲ್ಲರೂ ಒಪ್ಪಬೇಕು. ದಾಮಾಷಾ ಅನ್ನುತ್ತಿದ್ದರು. ಜಗಳ ಆದರೆ ತಾತನ ಮಾತೇ ಕೊನೆ. ಮಳೆ ರಾತ್ರಿ ಲಾಟೀನು ಹಿಡಿದು ಏರಿ ಉದ್ದಕ್ಕೂ ನಡೆಯುತ್ತಿದ್ದರಂತೆ. ಏಡಿ ಬಿಲ, ಹೆಗ್ಗಣದ ಬಿಲ ಇದ್ದರೆ ನೀರು ಅಲ್ಲಿಂದಲೇ ಏರಿ ಕೊರೆಯುತ್ತದೆ. ಸುಗ್ಗಿಯಲ್ಲಿ ಪ್ರತಿ ಕಣದಲ್ಲೂ ಅವರ ಪಾಲಿಗೆ ಇಷ್ಟು ಕಾಳು ಅಂತ ಕೊಡುತ್ತಿದ್ದರು.

ಆ ಅಚ್ಚುಕಟ್ಟಿನಲ್ಲಿ ತಾತನಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಊರಿಗೆಲ್ಲ ನೀರು ಹಂಚಿದವರು ಊರ ಬಾವಿಗೆ ಇಳಿಯುವ ಹಾಗಿರಲಿಲ್ಲ. ನಾವು ಕೇರಿಯವರು.

ಮಳೆಸೀಮೆ ಅವರೇ, ನೀವು ಬಂದ ಮೊದಲ ವರ್ಷವೇ ದೀಪ ಹೊತ್ತು ಗುಡಿಗೆ ಹೋದಿರಿ. ನಮ್ಮಮ್ಮ ಮದುವೆಯಾಗಿ ಬಂದಾಗಿನಿಂದ ದೀಪ ಹೊರುತ್ತಿದ್ದಾರೆ. ಅವರ ದೀಪ ಇವತ್ತಿಗೂ ಅಂಗಳದ ಕಲ್ಲಿನ ಆಚೆ ನಿಲ್ಲುತ್ತದೆ. ಯಾರೂ ಬೇಡ ಅನ್ನುವುದಿಲ್ಲ. ಯಾರೂ ಬನ್ನಿ ಅನ್ನುವುದೂ ಇಲ್ಲ.

“ಯಾವೂರು” ಅಂದಾಗ ನಿಮ್ಮ ಬಾಯಿ ಕಟ್ಟಿತು ಅಂದಿರಿ. ನನಗೂ ಕಟ್ಟುತ್ತದೆ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮೊದಲು “ಯಾವೂರು” ಅನ್ನುತ್ತಾರೆ. ಆಮೇಲೆ “ಊರಲ್ಲಿ ಮನೆ ಎಲ್ಲಿ” ಅನ್ನುತ್ತಾರೆ. ಎರಡನೆಯ ಪ್ರಶ್ನೆ ಯಾಕೆ ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ನಾನು ಹುಟ್ಟಿದ ಊರು ಅದು. ಕೆರೆ ಹೂಳು ತೆಗೆದಿದ್ದು ನಮ್ಮವರು, ಏರಿ ಕಾದಿದ್ದು ನಮ್ಮವರು. ಆದರೂ ನಮ್ಮೂರು ಅನ್ನುವಾಗ ನಾನು ಒಂದು ಕ್ಷಣ ತಡೆಯುತ್ತೇನೆ.

2021ರ ನವೆಂಬರ್ ಮಳೆ ನಿಮಗೆಲ್ಲ ನೆನಪಿರಬೇಕು. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹೋದವು. ನಮ್ಮ ಕೆರೆಯೂ ತುಂಬಿತು. ಊರೆಲ್ಲ ನೋಡಲು ಬಂತು. ಎರಡನೇ ರಾತ್ರಿ ಏರಿ ಕೆಳಗೆ ಒಂದು ಕಡೆ ನೀರು ಜಿನುಗಲು ಶುರುವಾಯಿತು. ಬೋರ್‌ವೆಲ್ ಬಂದ ಮೇಲೆ ನೀರಗಂಟಿ ಅಂತ ಯಾರೂ ಉಳಿದಿರಲಿಲ್ಲ. ತೂಬು ಎಲ್ಲಿ ತೆರೆಯುತ್ತದೆ, ಹಳೆ ಕಾಲುವೆ ಎಲ್ಲಿ ಹೂತಿದೆ, ಯಾರಿಗೂ ಗೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ನಮ್ಮ ಮನೆ ಬಾಗಿಲು ತಟ್ಟಿದರು. ಅಪ್ಪನಿಗೆ ಆಗಲೇ 70 ದಾಟಿತ್ತು. ಚಿಕ್ಕವರಿದ್ದಾಗ ತಾತನ ಜೊತೆ ಏರಿ ಸುತ್ತಿದವರು. ಟಾರ್ಚ್ ತೆಗೆದುಕೊಂಡು ಹೋದರು. ಜಿನುಗುವ ಜಾಗಕ್ಕೆ ನೇರ ಮಣ್ಣು ಸುರಿಯುತ್ತಿದ್ದರಂತೆ, ಅದನ್ನು ನಿಲ್ಲಿಸಿದರು. ಒಳಗಿನ ಕಡೆ ಬಿಲ ಹುಡುಕಿಸಿದರು. ಅಲ್ಲಿ ಮೂಟೆ ಹಾಕಿಸಿದರು. ಬೆಳಗಿನ ಜಾವ ಜಿನುಗು ನಿಂತಿತು. ಇಡೀ ರಾತ್ರಿ ಊರಿನ ದೊಡ್ಡವರು, ಹುಡುಗರು ಎಲ್ಲ ಅಪ್ಪ ಹೇಳಿದ ಹಾಗೆ ಕೇಳಿದರು. ಆ ರಾತ್ರಿ ನನಗೆ ಊರು ನಮ್ಮದು ಅನ್ನಿಸಿತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದು.

ಬೆಳಿಗ್ಗೆ ಒಂದು ಮನೆಯಿಂದ ಎಲ್ಲರಿಗೂ ಕಾಫಿ ಬಂತು. ಎಲ್ಲರಿಗೂ ಸ್ಟೀಲ್ ಲೋಟ. ಅಪ್ಪನಿಗೂ ನನಗೂ ಪೇಪರ್ ಲೋಟ. ಇದನ್ನು ಬಿಟ್ಟು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ ಆಗುತ್ತದೆ.

ನಿಮ್ಮ ಊರಿನಲ್ಲೂ ನೀರಗಂಟಿ ಮನೆ ಇದ್ದೇ ಇರುತ್ತದೆ. ಯಾರು ಅಂತ ಕೇಳಿ. ಅವರ ಮನೆಗೆ ಹೋಗಿ. ಊರಿನ ನೆಲ ಅವರಿಗೆ ಗೊತ್ತಿರುವಷ್ಟು ಜಮೀನಿನ ಪಟ್ಟೆ ಇಟ್ಟುಕೊಂಡವರಿಗೆ ಗೊತ್ತಿರುವುದಿಲ್ಲ.

ಮಾವಿನತೋಪು, ಶ್ರೀನಿವಾಸಪುರ

ಅಣ್ಣ, ಓದಿದೆ. ನಮ್ಮ ತೋಪಿಗೆ ಬರುವ ಆಳುಗಳಿಗೆ ನಮ್ಮಜ್ಜಿ ಬೇರೆ ಲೋಟ ಇಟ್ಟಿದ್ದರು, ಕೊಟ್ಟಿಗೆ ಗೋಡೆಯ ಗೂಡಿನಲ್ಲಿ. ಚಿಕ್ಕವನಿದ್ದಾಗ ಅದನ್ನು ತೆಗೆದುಕೊಡುತ್ತಿದ್ದವನು ನಾನೇ. ಹೆಸರು ಕಲಿಯಿರಿ ಅಂತ ದೊಡ್ಡದಾಗಿ ಬರೆದೆ. ಆ ಆಳುಗಳಲ್ಲಿ ಇಬ್ಬರ ಹೆಸರು ನನಗೆ ನೆನಪಿಲ್ಲ.

ಮಳೆಸೀಮೆ, ಮುಳಬಾಗಿಲು ತಾಲ್ಲೂಕು

ತೂಬಿನ ಮೊಮ್ಮಗ ಅವರೇ, ಎರಡು ದಿನ ಉತ್ತರ ಬರೆಯಲು ಆಗಲಿಲ್ಲ. ದೀಪದ ದಿನದ ಫೋಟೊ ತೆಗೆದು ನೋಡಿದೆ. ಹಿಂದೆ ದೂರದಲ್ಲಿ ಇನ್ನೂ ಕೆಲವು ಹೆಂಗಸರು ದೀಪ ಹೊತ್ತು ನಿಂತಿದ್ದಾರೆ. ಐದು ವರ್ಷದಲ್ಲಿ ಆ ಫೋಟೊ ಎಷ್ಟು ಸಲ ನೋಡಿದ್ದೇನೋ. ಅವರನ್ನು ನೋಡಿರಲಿಲ್ಲ.

ಹುಡುಕುತ್ತೇನೆ. ಹುಡುಕಿ ಬಂದು ಬರೆಯುತ್ತೇನೆ.

ಕೆರೆಯಂಗಳ, ಕೋಲಾರ

ಕೆರೆ ಮಾತು ಬಂತು ಅಂತ ಕೇಳುತ್ತಿದ್ದೇನೆ. ನಮ್ಮ ಕೆರೆ ಈಗ ವರ್ಷಪೂರ್ತಿ ತುಂಬಿರುತ್ತದೆ, ಆದರೆ ಮಳೆ ನೀರಿನಿಂದ ಅಲ್ಲ. ಕೆ.ಸಿ. (ಕೋರಮಂಗಲ ಚಲ್ಲಘಟ್ಟ) ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಪೈಪ್‌ನಲ್ಲಿ ಕಳಿಸುವುದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಮುಂದಿನ ತಿಂಗಳೇ ನೊರೆ ಎದ್ದಿತು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಆಮೇಲೆ ನೀರು ಮತ್ತೆ ಹರಿಯಿತು. ಈಗ ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂದಿದೆ, ಕೊಕ್ಕರೆ ಬಂದಿವೆ, ಟೊಮೆಟೊ ಬೆಳೆ ನಡೆಯುತ್ತಿದೆ. ನನಗೆ ಖುಷಿ ಇದೆ. ಆದರೆ ಚಿಕ್ಕವನಿದ್ದಾಗ ಈಜು ಕಲಿತ ಕೆರೆ ಅದು. ಈಗ ನನ್ನ ಮಗನಿಗೆ ಇಳಿಯಬೇಡ ಅನ್ನುತ್ತೇನೆ. ದಂಡೆಯಲ್ಲಿ ನಿಂತು ನೋಡುತ್ತೇವೆ. ಕೆರೆ ವಾಪಸ್ ಬಂದಿದೆಯೋ ಇಲ್ಲವೋ ಅಂತ ಇನ್ನೂ ತಿಳಿಯುತ್ತಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

1,200 ಅಡಿ ಕೊರೆಸಿ ಬರೀ ಧೂಳು ನೋಡಿದವರಿಗೆ ಆ ನೀರೂ ದೇವರೇ. ನಮ್ಮ ಕಡೆ ಹೆಬ್ಬಾಳ ನಾಗವಾರ ವ್ಯಾಲಿ ನೀರು ಬಂದಿದೆ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅನ್ನುವುದು ನಮ್ಮದೂ ಬೇಡಿಕೆ. ಇದಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಬೇಡ.

ಹೊಂಗೆನೆರಳು, ಪಾವಗಡ

ನಮ್ಮ ನಾಲ್ಕು ಎಕರೆ ಸೋಲಾರ್ ಪಾರ್ಕ್ ಒಳಗಿದೆ. ಸುಮಾರು 13,000 ಎಕರೆ, ಐದು ಊರುಗಳ ಜಮೀನು. ಮಾರಿದ್ದಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಬರ ಬಂದರೂ ಆ ದುಡ್ಡು ಬರುತ್ತದೆ. ಆ ನೆಲ ನಮಗೆ ಅಷ್ಟು ಯಾವತ್ತೂ ಕೊಟ್ಟಿರಲಿಲ್ಲ, ಕಡಲೆಕಾಯಿ ಹಾಕಿ ಆಕಾಶ ನೋಡಿದ್ದೇ ಜಾಸ್ತಿ. ಹಾಗಾಗಿ ನಾನು ದೂರುವುದಿಲ್ಲ.

ಆದರೆ ಅಪ್ಪ ಮೊದಲ ಆರು ತಿಂಗಳು ಬೆಳಿಗ್ಗೆ ಎದ್ದು ಬೇಲಿವರೆಗೂ ನಡೆದು ಹೋಗಿ ವಾಪಸ್ ಬರುತ್ತಿದ್ದರು. ಬೇಲಿ ಆಚೆ ಎಲ್ಲ ಒಂದೇ ಥರ ಕಾಣುತ್ತದೆ. ನಮ್ಮ ಹೊಲ ಎಲ್ಲಿ ಶುರು, ಪಕ್ಕದವರದು ಎಲ್ಲಿ ಅಂತ ಹೇಳುವುದಕ್ಕೆ ಒಂದು ಬದುವಿಲ್ಲ, ಒಂದು ಹೊಂಗೆಮರವಿಲ್ಲ. ಪಹಣಿಯಲ್ಲಿ ನಮ್ಮ ಹೆಸರಿದೆ. ಮಗಳಿಗೆ ತೋರಿಸಲು ಹೋದರೆ ಎಲ್ಲಿ ಬೆರಳಿಡಬೇಕು ಅಂತ ಗೊತ್ತಾಗುವುದಿಲ್ಲ. ತೂಬಿನ ಮೊಮ್ಮಗ ಅವರದು ಓದುವಾಗ ಇದು ನೆನಪಾಯಿತು. ಅವರಿಗೆ ನೆಲ ಗೊತ್ತು, ಪಟ್ಟೆ ಇಲ್ಲ. ನಮಗೆ ಪಟ್ಟೆ ಇದೆ, ಹೊಲವೇ ಕಾಣಿಸುವುದಿಲ್ಲ.

ಹುಣಸೆಮರ, ಶಿರಾ

ನಮ್ಮ ಕಗ್ಗಲಡುವಿಗೆ ಬನ್ನಿ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಫೆಬ್ರವರಿ ಸುಮಾರಿಗೆ ಬರುತ್ತವೆ, ಮರಿ ಮಾಡಿ, ಹಾರಲು ಕಲಿಸಿ ಹೋಗುತ್ತವೆ. ಮರದ ಕೆಳಗೆಲ್ಲ ಹಿಕ್ಕೆ, ಮೀನಿನ ವಾಸನೆ, ಗಲಾಟೆ. ಯಾರೂ ಕಲ್ಲು ಹೊಡೆಯುವುದಿಲ್ಲ. ಮರಿ ಕೆಳಗೆ ಬಿದ್ದರೆ ಹೆಂಗಸರು ಎತ್ತಿ ನೋಡಿಕೊಳ್ಳುತ್ತಾರೆ. ಹೊರಗಿಂದ ಬರುವ ಹಕ್ಕಿಗೆ ಇಷ್ಟು ಮಾಡುವ ನಾವು ಮನುಷ್ಯರಿಗೆ ಯಾಕೆ ಮಾಡುವುದಿಲ್ಲ ಅಂತ ಇವತ್ತು ಈ ಚರ್ಚೆ ಓದಿ ಯೋಚನೆ ಮಾಡುತ್ತಾ ಕೂತೆ.

ಲೈನ್‌ಮನೆ, ಕೆ.ಜಿ.ಎಫ್.

ನಮ್ಮ ಮುತ್ತಾತ ಆರ್ಕಾಟಿನ ಕಡೆಯಿಂದ ಇಲ್ಲಿಯ ಚಿನ್ನದ ಗಣಿ ಕೆಲಸಕ್ಕೆ ಬಂದವರು. ಗಣಿ 2001ರಲ್ಲಿ ಮುಚ್ಚಿತು. ಈಗ ಬೆಳಿಗ್ಗೆ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತೇನೆ, ರಾತ್ರಿ ಬರುತ್ತೇನೆ. ಹಸಿರಿಲ್ಲ, ಹೊಲವಿಲ್ಲ. ಅದಿರಿನ ಕಲ್ಲು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದ ಸೈನೈಡ್ ದಿಬ್ಬಗಳೇ ನಮ್ಮ ಬೆಟ್ಟ. ಗಾಳಿ ಬಂದರೆ ಕಣ್ಣಿಗೆ ಧೂಳು. ಆದರೂ ರೈಲಿನಿಂದ ಆ ದಿಬ್ಬ ಕಂಡ ತಕ್ಷಣ ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಮನೆ ಬಂತು ಅಂತ ಗೊತ್ತಾಗುವುದು ಹಾಗೆ. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಅದರ ಕೆಳಗೆ ಇಳಿದು ಕೆಲಸ ಮಾಡಿದವರು ನಮ್ಮವರು, ಅದಕ್ಕೇ ಇರಬಹುದು.

ಮಳೆಸೀಮೆ, ಮುಳಬಾಗಿಲು ತಾಲ್ಲೂಕು

ಹೇಳಿದ ಹಾಗೆ ವಾಪಸ್ ಬಂದಿದ್ದೇನೆ. ಹತ್ತು ದಿನ ಆಯಿತು.

ಮೊದಲು ಹೊಲದ ಹೆಸರು. ಅತ್ತೆಯನ್ನು ಕೇಳಿದೆ. “ಸೀಗೆಬೇಲಿದು” ಅಂದರು. ಐದು ವರ್ಷ ಅದೇ ಹೊಲದಲ್ಲಿ ಕಳೆ ಕಿತ್ತಿದ್ದೇನೆ, ಕೇಳಿಯೇ ಇರಲಿಲ್ಲ. ನೀರಗಂಟಿ ಯಾರು ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆರೆ ಮೂಲೆಯ ಕೇರಿಯಲ್ಲಿ ಒಬ್ಬರು ತಾತ ಇದ್ದಾರೆ ಅಂದರು. ಅವರ ಮಗಳು ಡೇರಿಯಲ್ಲಿ ದಿನಾ ನನ್ನ ಹಿಂದೆಯೇ ನಿಲ್ಲುತ್ತಾರೆ.

ಅವರ ಜೊತೆಯೇ ಹೋದೆ. ತಾತನಿಗೆ 80ರ ಹತ್ತಿರ. ಕಣ್ಣು ಮಂಜು, ಮಾತು ಸ್ಪಷ್ಟ. ಒಳಗೆ ಕರೆದರು. ಕಾಫಿ ಕೊಟ್ಟರು, ಕುಡಿದೆ. ಸ್ಟೀಲ್ ಲೋಟ. ಮನೆಗೆ ಬಂದು ಹೇಳಿದೆ. ಅತ್ತೆ ಅವತ್ತು ನನ್ನ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಈ ಮಾತು ನಡೆಯುತ್ತಿದೆ, ಮುಗಿದಿಲ್ಲ. ನಾನು ಬಿಡುವುದಿಲ್ಲ.

ಮಾರನೆಯ ದಿನ ತಾತ ಕೋಲು ಊರಿಕೊಂಡು ಕೆರೆ ತೋರಿಸಿದರು. ತೂಬಿನ ಕಲ್ಲಿಗೆ ಕೈ ಇಟ್ಟು ಸುಮಾರು ಹೊತ್ತು ನಿಂತರು. ಕೆರೆಗೆ ನೀರು ಬರುವ ರಾಜಕಾಲುವೆ ಜಾಲಿ ಬೆಳೆದು ಮುಚ್ಚಿಹೋಗಿದೆ. ಮಳೆ ಬಂದರೂ ಕೆರೆಗೆ ಬರುತ್ತಿಲ್ಲ, ರಸ್ತೆ ಪಕ್ಕ ಹರಿದು ಹೋಗುತ್ತಿದೆ. ನಾನು ಅಡಿಕೆ ತೋಟದಲ್ಲಿ ಬೆಳೆದವಳು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ತೆಗೆಯದಿದ್ದರೆ ಬೇರು ಕೊಳೆಯುತ್ತದೆ. ನೀರು ಎತ್ತ ಇಳಿಯುತ್ತದೆ ಅಂತ ಕಣ್ಣಳತೆಯಲ್ಲಿ ಹೇಳುವುದನ್ನು ಅಪ್ಪ ಕಲಿಸಿದ್ದರು. ಅಲ್ಲಿ ನೀರು ಹೊರಗೆ ಕಳಿಸುವ ಕೆಲಸ, ಇಲ್ಲಿ ಹಿಡಿದು ನಿಲ್ಲಿಸುವ ಕೆಲಸ, ನೋಡುವ ಕಣ್ಣು ಒಂದೇ. ಒಂದು ಕಡೆ ಕಾಲುವೆ ಎರಡಾಗಿ ಒಡೆದಿತ್ತು. “ತಾತ, ಹಳೆಯದು ಇದಲ್ವಾ, ಎಡಗಡೆದು?” ಅಂದೆ. ಅವರು ಕೋಲಿನಿಂದ ನೆಲ ಕುಟ್ಟಿ ನೋಡಿದರು. “ಹೌದಮ್ಮ, ನಿಂಗ್ ಹೆಂಗ್ ಗೊತ್ತಾಯ್ತು?” ಅಂದರು. ಅವತ್ತಿನಿಂದ ಆ ಮಾತು ಕಿವಿಯಲ್ಲೇ ಇದೆ.

ಕಾಲುವೆ ತೆಗೆಯುವುದಕ್ಕೆ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಅರ್ಜಿ ಬರೆದುಕೊಟ್ಟಿದ್ದೇವೆ. ಡೇರಿ ಸಾಲಿನಲ್ಲಿ ಕೂತು ಬರೆದೆ, 14 ಜನ ಹೆಸರು ಕೊಟ್ಟರು. ಅದು ಯಾವಾಗ ಆಗುತ್ತದೋ. ಅಲ್ಲಿಯವರೆಗೂ ಕಾಯದೆ ಈ ಭಾನುವಾರ ನಾವೇ ಜಾಲಿ ಕಡಿಯಲು ಶುರು ಮಾಡುತ್ತೇವೆ.

ತೂಬಿನ ಮೊಮ್ಮಗ ಅವರೇ, ಒಂದು ಕೇಳಬೇಕು. ನಮ್ಮ ತೂಬಿನ ಬಿರಡೆ ಮುರಿದಿದೆ. ಹೊಸದು ಯಾವ ಮರದಲ್ಲಿ ಮಾಡಿಸಬೇಕು? ತಾತನಿಗೆ ನೆನಪಾಗುತ್ತಿಲ್ಲ. ನಿಮ್ಮ ಅಪ್ಪನಿಗೆ ಗೊತ್ತಿರಬಹುದಾ?

ತೂಬಿನ ಮೊಮ್ಮಗ, ಬಂಗಾರಪೇಟೆ ತಾಲ್ಲೂಕು

ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ತೂತಿನ ಅಳತೆ ನೋಡದೆ ಮರ ಹೇಳಲು ಆಗುವುದಿಲ್ಲ ಅಂತಾರೆ. ನಿಮ್ಮ ತಾತನನ್ನೂ ನೋಡಬೇಕಂತೆ. ಭಾನುವಾರ ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಮುಳಬಾಗಿಲಿಗೆ ಒಂಬತ್ತು ಗಂಟೆಗೆ ಇಳಿಯುತ್ತೇವೆ. ಅಲ್ಲಿಂದ ದಾರಿ ಹೇಳಿ.

ಮಳೆಸೀಮೆ, ಮುಳಬಾಗಿಲು ತಾಲ್ಲೂಕು

ಆವಣಿ ಕಡೆ ಬಸ್ ಹತ್ತಿ. ಊರಿನ ಹೆಸರು ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ, ಕಂಡಕ್ಟರಿಗೆ ಹೇಳಿದರೆ ಗೇಟ್ ಹತ್ತಿರ ನಿಲ್ಲಿಸುತ್ತಾರೆ. ಇಳಿದ ಮೇಲೆ ಬಲಗಡೆ ಮಣ್ಣು ದಾರಿ. ಗುಂಡುತೋಪು ಸಿಗುತ್ತದೆ, ಈಗ ಅಲ್ಲಿ ಎರಡೇ ಮಾವಿನಮರ ಇವೆ. ಅದನ್ನು ದಾಟಿ ನೇರ ಬನ್ನಿ. ಸೀಗೆಬೇಲಿ ಹೊಲದಲ್ಲಿ ರಾಗಿ ಇದೆ, ಬದುವಿನ ಮೇಲೆ ನಡೆಯಬಹುದು. ಎಡಕ್ಕೆ ಕೋಡಿ ಕಲ್ಲು ಕಾಣುತ್ತದೆ. ಅಪ್ಪನಿಗೆ ಏರಿ ಹತ್ತುವುದು ಕಷ್ಟ ಆದರೆ ಕೆಳಗಿನ ಕಾಲುದಾರಿ ಹಿಡಿಯಿರಿ, ಅದು ಕೆರೆ ಮೂಲೆಗೆ ಬರುತ್ತದೆ. ನಾವು ಅಲ್ಲೇ ಇರುತ್ತೇವೆ. ಜಾಲಿ ಮುಳ್ಳು ಜಾಸ್ತಿ ಇದೆ, ಇಬ್ಬರೂ ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ. ಕುಡುಗೋಲು, ಸನಿಕೆ ತರುವುದು ಬೇಡ, ಇಲ್ಲಿವೆ. ಊಟ ಇಲ್ಲೇ.